‘ಸಜೆಸ್ಟ್’ ಹಾಕಿ ನೋಡಿ: ಇಂಗ್ಲಿಷ್ ಕಲಿಯುವವರ ನಿಘಂಟುಗಳ ವಿಮರ್ಶೆ

ಒಂದು ಇಂಗ್ಲಿಷ್ ನಿಘಂಟು ಕಲಿಯುವವರ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಕಠಿಣ ಪದ ಹುಡುಕಬಾರದು. ಕಠಿಣ ಪದಕ್ಕೆ ಎಲ್ಲ ನಿಘಂಟುಗಳೂ ಅರ್ಥ ಕೊಟ್ಟೇ ಕೊಡುತ್ತವೆ. ಎಲ್ಲರಿಗೂ ಗೊತ್ತಿದೆ ಅನ್ನಿಸುವ ಪದವೊಂದನ್ನು ಹಾಕಿ ನೋಡಬೇಕು. ಅದಕ್ಕೆ ‘ಸಜೆಸ್ಟ್’ ಹೇಳಿ ಮಾಡಿಸಿದ ಪದ. ಹೈಸ್ಕೂಲು ಮುಗಿಸಿದವರಿಗೆಲ್ಲ ಇದರ ಅರ್ಥ ಗೊತ್ತು. ಆದರೂ ಆಫೀಸಿನ ಇಮೇಲ್‌ನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ಪ್ಲೀಸ್ ಸಜೆಸ್ಟ್ ಮಿ ಎ ಗುಡ್ ಡೆಂಟಿಸ್ಟ್’ ಎಂಬ ವಾಕ್ಯ ಕಾಣದ ವಾರವಿಲ್ಲ. ಅಲ್ಲಿ ಅರ್ಥ ತಪ್ಪಿಲ್ಲ, ವಾಕ್ಯದ ಕಟ್ಟು ತಪ್ಪಿದೆ.

ತಪ್ಪು ಎಲ್ಲಿಂದ ಬರುತ್ತದೆ ಎನ್ನುವುದು ಸ್ಪಷ್ಟ. ‘ನನಗೆ ಹೇಳಿ’, ‘ನನಗೆ ಕೊಡಿ’, ‘ನನಗೆ ಸೂಚಿಸಿ’ — ಕನ್ನಡದಲ್ಲಿ ಮೂರೂ ಒಂದೇ ಕಟ್ಟು. ಇಂಗ್ಲಿಷಿನಲ್ಲಿ ‘ಗಿವ್ ಮಿ’, ‘ಟೆಲ್ ಮಿ’ ನಡೆಯುತ್ತದೆ, ‘ಸಜೆಸ್ಟ್ ಮಿ’ ನಡೆಯುವುದಿಲ್ಲ. ಯಾರಿಗೆ ಎಂದು ಹೇಳಲೇಬೇಕಿದ್ದರೆ ‘ಟು’ ಸೇರಿಸಿ ‘ಸಜೆಸ್ಟ್ ಸಮ್‌ಥಿಂಗ್ ಟು ಮಿ’ ಎನ್ನಬೇಕು. ಸಾಮಾನ್ಯವಾಗಿ ಅದೂ ಬೇಕಾಗುವುದಿಲ್ಲ. ‘ಕ್ಯಾನ್ ಯು ಸಜೆಸ್ಟ್ ಎ ಗುಡ್ ಡೆಂಟಿಸ್ಟ್?’ ಎಂದರೆ ಮುಗಿಯಿತು. ‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಮೆನ್ಶನ್’ ಕೂಡ ಇದೇ ಜಾತಿಯವು. ಊರಿನ ಮಾತುಕತೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಮಾತ್ರ ವ್ಯಾಕರಣಕ್ಕೆ ಕಾಲುಭಾಗ ಅಂಕ ಇದೆ, ಅಲ್ಲಿ ನಷ್ಟ ಆಗುತ್ತದೆ.

ಹಾಗಾಗಿ ನಿಘಂಟಿಗೆ ನಾವು ಕೇಳಬೇಕಾದದ್ದು ಒಂದೇ: ಈ ಪದದ ಬೆನ್ನಿಗೆ ಏನು ಬರುತ್ತದೆ, ಏನು ಬರಕೂಡದು?

ಈ ಲೆಕ್ಕದಲ್ಲಿ ನೆಟ್‌ನಲ್ಲಿ ಉಚಿತವಾಗಿ ಸಿಗುವ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟು ಮೊದಲ ಸ್ಥಾನಕ್ಕೆ ಅರ್ಹ. ‘ಸಜೆಸ್ಟ್’ಗೆ ಅದು ನಾಲ್ಕು ಅರ್ಥಗಳನ್ನು ಬಿಡಿಸುತ್ತದೆ: ಯೋಚನೆಯೊಂದನ್ನು ಮುಂದಿಡುವುದು, ಇಂಥವರು ಅಥವಾ ಇಂಥದ್ದು ಆದೀತು ಎಂದು ಹೇಳುವುದು, ಸಾಕ್ಷ್ಯವೊಂದು ಏನನ್ನೋ ತೋರುವುದು, ನೇರವಾಗಿ ಹೇಳದೆ ಸೂಚ್ಯವಾಗಿ ಹೇಳುವುದು. ಆದರೆ ಇದರ ನಿಜವಾದ ಬೆಲೆ ಇರುವುದು ಅರ್ಥದಲ್ಲಲ್ಲ, ಉದಾಹರಣೆಗಳಿಗೆ ಮೊದಲು ದಪ್ಪಕ್ಷರದಲ್ಲಿ ಹಾಕಿರುವ ಕಟ್ಟುಗಳಲ್ಲಿ. ‘ಸಜೆಸ್ಟ್ ಸಮ್‌ಥಿಂಗ್ ಟು ಸಮ್‌ಬಡಿ’, ‘ಸಜೆಸ್ಟ್ ದಟ್’, ‘ಸಜೆಸ್ಟ್ ಡೂಯಿಂಗ್ ಸಮ್‌ಥಿಂಗ್’ — ಇವಿಷ್ಟು ಬಾಯಿಗೆ ಬಂದರೆ ತಪ್ಪುಗಳಲ್ಲಿ ಬಹುಪಾಲು ತಾನಾಗಿ ಹೋಗುತ್ತದೆ. ‘ಸಜೆಸ್ಟ್ ಟು ಡೂ’ ಎಂಬ ಕಟ್ಟು ಆ ಸಾಲಿನಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು. ‘ಹಿ ಸಜೆಸ್ಟೆಡ್ ಟು ಗೋ’, ‘ಹಿ ಸಜೆಸ್ಟೆಡ್ ಮಿ ಟು ಗೋ’ ಎರಡೂ ತಪ್ಪು. ‘ಹಿ ಸಜೆಸ್ಟೆಡ್ ಗೋಯಿಂಗ್’ ಅಥವಾ ‘ಹಿ ಸಜೆಸ್ಟೆಡ್ ದಟ್ ಐ ಗೋ’ ಸರಿ. ‘ಅಡ್ವೈಸ್ಡ್ ಮಿ ಟು ಗೋ’ ಸರಿಯಾಗಿರುವುದರಿಂದಲೇ ಇಲ್ಲಿ ಕಾಲು ಜಾರುತ್ತದೆ.

ಈ ಕಟ್ಟುಗಳ ಹಿಂದೆ ಒಂದು ಹಳೆಯ ಶ್ರಮ ಇದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಪರಭಾಷೆಯವನಿಗೆ ಕ್ರಿಯಾಪದದ ಅರ್ಥಕ್ಕಿಂತ ಅದರ ನಡೆ ಮುಖ್ಯ ಎಂಬುದೇ ಅವರ ತಿಳಿವು. 1974ರ ಮೂರನೆಯ ಆವೃತ್ತಿಯಲ್ಲಿ ಈ ನಡೆಯನ್ನು ‘ವಿಪಿ 6ಸಿ’, ‘ವಿಪಿ 9’ ಎಂಬಂಥ ಸಂಕೇತಗಳಲ್ಲಿ ಕೊಡುತ್ತಿದ್ದರು; ‘ವಿಪಿ’ ಎಂದರೆ ‘ವರ್ಬ್ ಪ್ಯಾಟರ್ನ್’, ಕ್ರಿಯಾಪದದ ಕಟ್ಟು. ಸಂಕೇತಗಳ ಪಟ್ಟಿಯನ್ನು ತಿರುವಿ ನೋಡುವ ತಾಳ್ಮೆ ಎಷ್ಟು ಜನರಿಗೆ ಇದ್ದೀತು? ಈಗ ಸಂಕೇತ ಹೋಗಿ ಕಟ್ಟನ್ನೇ ಬಿಡಿಸಿ ಬರೆಯುತ್ತಾರೆ. ಇದು ದೊಡ್ಡ ಸುಧಾರಣೆ.

ಲಾಂಗ್‌ಮನ್ ನಿಘಂಟಿನ ಗುಣ ಬೇರೆ. ಸುಮಾರು 2,000 ಸರಳ ಪದಗಳ ಮಿತಿಯೊಳಗೇ ಎಲ್ಲ ಅರ್ಥಗಳನ್ನೂ ವಿವರಿಸುವುದು ಅದರ ನಿಯಮ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ತೆರೆಯಬೇಕಾದದ್ದು ಇದನ್ನೇ. ಮಾಮೂಲಿ ತಪ್ಪುಗಳಿಗೆ ‘ಹೀಗೆ ಹೇಳಬೇಡಿ’ ಎಂದು ಎಚ್ಚರಿಸುವ ವ್ಯಾಕರಣದ ಚೌಕಗಳೂ ಇದರಲ್ಲಿವೆ. ಮಾತಿನಲ್ಲಿ ಎಷ್ಟು, ಬರವಣಿಗೆಯಲ್ಲಿ ಎಷ್ಟು ಬಳಕೆ ಎಂಬುದಕ್ಕೆ ‘ಎಸ್’ ಮತ್ತು ‘ಡಬ್ಲ್ಯೂ’ ಗುರುತುಗಳನ್ನು ಹಾಕುತ್ತಾರೆ. ಅದರ ತಾಣದಲ್ಲಿ ಪುಟದ ತಳಕ್ಕೆ ಬರುವ ಕಾರ್ಪಸ್ (ನಿಜ ಬಳಕೆಯ ಇಂಗ್ಲಿಷಿನ ಸಂಗ್ರಹ) ವಾಕ್ಯಗಳನ್ನು ಮಾತ್ರ ಹೊಸಬರು ಬಿಡುವುದು ವಾಸಿ. ಸಂದರ್ಭವಿಲ್ಲದ ತುಂಡು ವಾಕ್ಯಗಳು ಗೊಂದಲವನ್ನೇ ಹೆಚ್ಚಿಸುತ್ತವೆ. ಫೋನಿನಲ್ಲಿ ಜಾಹೀರಾತಿನ ಕಾಟವೂ ಇದೆ.

ಕೇಂಬ್ರಿಜ್ ನಿಘಂಟಿನಲ್ಲಿ, ಹಲವು ಅರ್ಥಗಳಿರುವ ಪದವಾದರೆ, ಪ್ರತಿ ಅರ್ಥದ ತಲೆಯ ಮೇಲೆ ಒಂದು ಸುಳಿವಿನ ಪದ ಇರುವುದರಿಂದ ಬೇಕಾದ ಅರ್ಥ ಬೇಗ ಸಿಗುತ್ತದೆ. ಕಟ್ಟನ್ನು ಚೌಕ ಕಂಸದೊಳಗಿನ ಗುರುತುಗಳಲ್ಲಿ ಅಡಗಿಸಿಡುವುದು ಅದರ ಕೊರತೆ; ಕಣ್ಣು ಸುಲಭವಾಗಿ ಹಾರಿಹೋಗುತ್ತದೆ. ಕಾಲಿನ್ಸ್ ತಾಣದಲ್ಲಿರುವ ಕೋಬಿಲ್ಡ್ ಇದಕ್ಕೆ ವಿರುದ್ಧ. ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗಿ 1987ರಲ್ಲಿ ಬಂದ ಈ ನಿಘಂಟು ಅರ್ಥವನ್ನು ಪೂರ್ಣ ವಾಕ್ಯದಲ್ಲೇ ಹೇಳುತ್ತದೆ. ‘ಇಫ್ ಯು ಸಜೆಸ್ಟ್ ಸಮ್‌ಥಿಂಗ್’ ಎಂದು ಶುರುವಾದರೆ ಅರ್ಥ ಓದುವಾಗಲೇ ಕಟ್ಟೂ ಕಿವಿಗೆ ಬೀಳುತ್ತದೆ.

ಇನ್ನು ನಿಘಂಟುಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ವಿಷಯ ಒಂದಿದೆ. ‘ದಟ್’ ಆದಮೇಲೆ ಬರುವ ಕ್ರಿಯಾಪದದ ರೂಪ ಅರ್ಥಕ್ಕೆ ತಕ್ಕಂತೆ ಬದಲಾಗುತ್ತದೆ. ಸಲಹೆಯಾದರೆ ಮೂಲರೂಪ: ‘ಐ ಸಜೆಸ್ಟ್ ದಟ್ ಹಿ ಗೋ’. ಬ್ರಿಟಿಷರಲ್ಲಿ ‘ಹಿ ಶುಡ್ ಗೋ’ ಹೆಚ್ಚು, ಮಾತಿನಲ್ಲಿ ‘ಹಿ ಗೋಸ್’ ಕೂಡ ಕೇಳಿಬರುತ್ತದೆ. ಸಾಕ್ಷ್ಯ ತೋರುವ ಅರ್ಥದಲ್ಲಾದರೆ ಮಾಮೂಲಿ ಕಾಲವೇ ಬೇಕು: ‘ದಿ ರಿಪೋರ್ಟ್ ಸಜೆಸ್ಟ್ಸ್ ದಟ್ ಹಿ ಗೋಸ್ ದೇರ್ ಎವ್ರಿ ಡೇ’. ಮೊದಲನೆಯದರಲ್ಲಿ ಅವನು ಹೋಗಲಿ, ಎರಡನೆಯದರಲ್ಲಿ ಹೋಗುತ್ತಿದ್ದಾನೆ. ಮಧ್ಯೆ ಇರುವುದು ‘ಗೋ’ಗೆ ಅಂಟಿದ ಒಂದು ಚಿಕ್ಕ ‘ಇಎಸ್’ ಅಷ್ಟೆ. ಸಂಶೋಧನಾ ಪ್ರಬಂಧ ಬರೆಯುವವರಿಗೆ ಈ ಭೇದ ದಿನನಿತ್ಯ ಬೇಕು. ಅರ್ಥಗಳನ್ನು ಪ್ರತ್ಯೇಕಿಸಿ, ಒಂದೊಂದರ ಉದಾಹರಣೆಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಕರ್ಮಣಿಯಲ್ಲೂ ಎಚ್ಚರ ಬೇಕು. ‘ಐ ವಾಸ್ ಸಜೆಸ್ಟೆಡ್ ದಿಸ್ ಡಾಕ್ಟರ್’ ತಪ್ಪು, ‘ದಿಸ್ ಡಾಕ್ಟರ್ ವಾಸ್ ಸಜೆಸ್ಟೆಡ್ ಟು ಮಿ’ ಸರಿ. ನಾಮಪದ ‘ಸಜೆಶನ್’ಗೆ ಬಹುವಚನ ಇದೆ, ‘ಅಡ್ವೈಸ್’ಗೆ ಇಲ್ಲ. ‘ಸಜೆಸ್ಟಿವ್’ ಬಳಸುವ ಮುನ್ನ ಅರ್ಥ ನೋಡಿಕೊಳ್ಳಿ: ‘ಸಜೆಸ್ಟಿವ್ ಆಫ್’ ಎಂದರೆ ‘ನೆನಪಿಗೆ ತರುವಂಥ’ ಎಂದಾಗುತ್ತದೆ, ಬರಿಯ ‘ಸಜೆಸ್ಟಿವ್ ರಿಮಾರ್ಕ್’ ಎಂದರೆ ದ್ವಂದ್ವಾರ್ಥದ ಪೋಲಿ ಮಾತು. ಸಲಹೆ ಕೊಟ್ಟವರಿಗೆ ಧನ್ಯವಾದ ಹೇಳುವ ಪತ್ರದಲ್ಲಿ ಅದು ನುಸುಳಬಾರದು.

ಉಚ್ಚಾರಣೆಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡರಲ್ಲೂ ಬ್ರಿಟಿಷ್ ಮತ್ತು ಅಮೆರಿಕನ್ ಧ್ವನಿ ಇದೆ. ನಮ್ಮ ‘ಸಜೆಸ್ಟ್’ ಬ್ರಿಟಿಷರದಕ್ಕೆ ಹತ್ತಿರ; ಅಮೆರಿಕನ್ನರಲ್ಲಿ ಬಹಳ ಮಂದಿ ನಡುವೆ ‘ಗ್’ ಸೇರಿಸಿ ‘ಸಗ್ಜೆಸ್ಟ್’ ಎನ್ನುತ್ತಾರೆ. ಎರಡೂ ಸರಿ.

ಇಂಗ್ಲಿಷ್–ಕನ್ನಡ ನಿಘಂಟುಗಳನ್ನು ಇದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ‘ಸೂಚಿಸು, ಸಲಹೆ ಮಾಡು, ಧ್ವನಿಸು’ ಎಂಬ ಸಾಲು ಓದುವವರಿಗೆ ಸಾಕು, ಬರೆಯುವವರಿಗೆ ಸಾಲದು. ‘ಧ್ವನಿಸು’ ಮಾತ್ರ ಅಪ್ಪಟ ಆಯ್ಕೆ: ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ‘ಧ್ವನಿ’ಯನ್ನು, ಅಂದರೆ ಸೂಚ್ಯಾರ್ಥವನ್ನು, ಇಂಗ್ಲಿಷಿನಲ್ಲಿ ಬರೆಯುವವರು ‘ಸಜೆಶನ್’ ಎಂದೇ ಬರೆಯುತ್ತಾರೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೋಶ. ಕನ್ನಡ ಪದ ಕೈಯಲ್ಲಿದ್ದು ಇಂಗ್ಲಿಷ್ ಪದ ಬೇಕಾದಾಗ ಅದಕ್ಕೆ ಹೋಗಿ, ಸಿಕ್ಕ ಪದವನ್ನು ಆಕ್ಸ್‌ಫರ್ಡಿನಲ್ಲಿ ಹಾಕಿ ಕಟ್ಟು ನೋಡಿ. ಅನುವಾದದ ಆ್ಯಪ್‌ಗಳಲ್ಲಿ ವಾಕ್ಯ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಅಚ್ಚಿನ ಪ್ರತಿ ಬೇಕೆನ್ನುವವರಿಗೆ ಆಕ್ಸ್‌ಫರ್ಡಿನ 2020ರ ಹತ್ತನೆಯ ಆವೃತ್ತಿ ಅಥವಾ ಲಾಂಗ್‌ಮನ್‌ನ 2014ರ ಆರನೆಯ ಆವೃತ್ತಿ ಆಗಬಹುದು. ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವಾಗ ‘ಎಸ್’ ಭಾಗ ತೆರೆದು ‘ಸಜೆಸ್ಟ್’ ನೋಡಿ. ದಪ್ಪಕ್ಷರದಲ್ಲಿ ಕಟ್ಟುಗಳಿದ್ದರೆ ಕೊಳ್ಳಿ. ‘ವಿಪಿ’ ಸಂಕೇತಗಳಷ್ಟೇ ಇದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.