ಚಳಿಗಾಳಿಗೆ ತಂಗೂಸಿಯೇ ಸರಿ

ಮೀನಿನ ಗಾಳಕ್ಕೆ ಯಾವ ದಾರ ಅಂತ ಕೇಳಿದರೆ, ಮೊದಲೇ ಹೇಳಿಬಿಡ್ತೀನಿ, ನಾನು ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ) ಪಕ್ಷ. 1,200 ರೂಪಾಯಿ ಸುರಿದು ಬ್ರೇಡ್ ದಾರ (ಸಣ್ಣ ಎಳೆಗಳನ್ನ ಹೆಣೆದದ್ದು) ತಂದು, ಮೂರೇ ಭಾನುವಾರಕ್ಕೆ 150 ರೂಪಾಯಿಯ ತಂಗೂಸಿಗೆ ವಾಪಸ್ ಬಂದವನು.

ಬ್ರೇಡ್ ಹುಚ್ಚು ಹಿಡಿಸಿದ್ದು ನಮ್ಮ ಭಾಮೈದ. "ಏನ್ ಭಾವ, ಇನ್ನೂ ತಂಗೂಸೀಲೇ ಇದ್ದೀರಲ್ಲ!" ಅಂದ. ಅವನ ಮಟ್ಟಿಗೆ ಅದು ಸರಿಯೇ. ಅವನು ಕೊರಮೀನಿಗೆ ಹೋಗೋದು ಏಪ್ರಿಲ್, ಮೇ ಬಿಸಿಲಲ್ಲಿ, ಜೊಂಡಿನ ಮೇಲೆ ರಬ್ಬರ್ ಕಪ್ಪೆ ಕುಣಿಸೋಕೆ. ಕಚ್ಚಿದ ಮೀನು ಜೊಂಡಿನೊಳಗೆ ನುಗ್ಗಿದರೆ ಎಳೆದು ತರೋಕೆ ಹಿಗ್ಗದ ದಪ್ಪ ಬ್ರೇಡೇ ಬೇಕು. ನಾನು ಹೋಗೋದು ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ, ಕುಣಿಗಲ್ ಕಡೆಯ ಒಂದು ಕೆರೆಗೆ (ಹರಾಜು ಹಿಡಿದವರನ್ನ ಕೇಳಿಕೊಂಡೇ). ಆ ಚಳಿಗೆ ಕೊರಮೀನು ಉಸಿರಿಗೆ ಅಂತ ಮೇಲೆ ಬಂದು ಗುಳಕ್ ಅಂದು ಮತ್ತೆ ತಳ ಸೇರುತ್ತೆ. ಕಪ್ಪೆಯನ್ನ ತಿರುಗಿ ನೋಡಲ್ಲ. ಸಣ್ಣ ಸ್ಪೂನನ್ನ (ಚಮಚದಾಕಾರದ ಲೋಹದ ಆಮಿಷ) ತಳದಲ್ಲಿ ತೀರಾ ನಿಧಾನಕ್ಕೆ ಎಳೀಬೇಕು.

ತೊಂದರೆ ಶುರುವಾಗಿದ್ದೇ ಅಲ್ಲಿ. ಏರಿ ಮೇಲೆ ನಿಂತರೆ ಮೂಡಗಾಳಿ ಎಡಗೆನ್ನೆಗೆ ಹೊಡೆಯುತ್ತೆ. ನಾನು ತಂದಿದ್ದು 1 ನಂಬರ್ ಬ್ರೇಡ್, ದಪ್ಪ ಬರೀ 0.165 ಮಿ.ಮೀ. ಎಸೆದ ತಕ್ಷಣ ಅದು ಗಾಳಿಪಟದ ದಾರದ ಹಾಗೆ ಬಿಲ್ಲಾಗಿ ಬಾಗುತ್ತೆ. ನೀರಿಗೆ ಬಿದ್ದ ಮೇಲಾದರೂ ಮುಳುಗುತ್ತಾ ಅಂದರೆ ಅದೂ ಇಲ್ಲ: ಬ್ರೇಡ್ ಮಾಡೋದು ಪಾಲಿಎಥಿಲೀನ್‌ನಿಂದ, ಅದರ ಸಾಂದ್ರತೆ 0.97 (ನೀರಿನದು 1), ತೇಲುತ್ತೆ, ಅಲೆ ಅದನ್ನ ಇನ್ನಷ್ಟು ಪಕ್ಕಕ್ಕೆ ತಳ್ಳುತ್ತೆ. ನಿಧಾನಕ್ಕೆ ಸುತ್ತುವಾಗ ದಾರದಲ್ಲಿ ಬಿಗಿಯೇ ಇಲ್ಲದೆ ಸ್ಪೂಲ್ (ರೀಲಿನಲ್ಲಿ ದಾರ ಸುತ್ತೋ ಉರುಳೆ) ಮೇಲೆ ಸಡಿಲ ಸುರುಳಿ ಕೂರುತ್ತೆ. ಮುಂದಿನ ಎಸೆತಕ್ಕೆ ಆ ಸುರುಳಿ ಕೆಳಗಿನದನ್ನೂ ಎಳೆದುಕೊಂಡು ಹೊರಗೆ ಬಂದು, ಕಡ್ಡಿಯ ಮೊದಲ ಬಳೆಯಲ್ಲೇ ಗುಬ್ಬಿ ಗೂಡಿನ ಹಾಗೆ ಗಂಟಾಗುತ್ತೆ.

ಬೆಳಗ್ಗೆ ಏಳು ಗಂಟೆಗೆ, ಮರಗಟ್ಟಿದ ಬೆರಳಲ್ಲಿ ಆ ಗಂಟು ಬಿಡಿಸಿ ನೋಡಿ. ಸೇಫ್ಟಿ ಪಿನ್ನಿಂದ ಎಳೆ ಎಳೆಯಾಗಿ ಎತ್ತುತ್ತಾ ಇಪ್ಪತ್ತು ನಿಮಿಷ ಕೂತಿದ್ದೆ. ಪಕ್ಕದಲ್ಲಿ ಬಿದಿರು ಕಡ್ಡಿ, ಎರೆಹುಳ ಇಟ್ಟುಕೊಂಡು ಜಿಲೇಬಿ ಮೀನು ಹಿಡೀತಿದ್ದ ತಾತ, "ಏನಪ್ಪಾ, ಮೀನ್ ಹಿಡಿಯೋಕ್ ಬಂದ್ಯೋ, ಉಲ್ಲನ್ ಬಿಡಿಸೋಕ್ ಬಂದ್ಯೋ?" ಅಂದರು. ಕೊನೆಗೆ ಕತ್ತರಿಸಿದೆ. ಆ ದಿನ ಮೂರು ಗಂಟು, ಸುಮಾರು 40 ಮೀಟರ್ ದಾರ ಕಸ.

ಪರಿಹಾರ ಇಲ್ಲ ಅಂತಲ್ಲ. ರೀಲಿನ ಕಂಬಿಯನ್ನ (ದಾರ ಹಿಡಿಯೋ ಬಾಗಿದ ತಂತಿ) ಕೈಯಲ್ಲೇ ಮುಚ್ಚಿ, ದಾರವನ್ನ ಒಮ್ಮೆ ಜಗ್ಗಿ ಆಮೇಲೆ ಸುತ್ತಬೇಕು. ಕಡ್ಡಿ ತುದಿ ನೀರಿಗೆ ತಾಗುವಷ್ಟು ಕೆಳಗಿರಬೇಕು. ಸ್ಪೂಲ್ ಅಂಚಿನವರೆಗೂ ದಾರ ತುಂಬಬಾರದು. ಎಲ್ಲಾ ಮಾಡಿದೆ, ಗಂಟು ಮೂರಿಂದ ಒಂದಕ್ಕಿಳಿಯಿತು. ಆದರೆ ವಾರಕ್ಕೊಂದೇ ರಜಾ ಇರೋನಿಗೆ ಆ ಒಂದೂ ಜಾಸ್ತಿಯೇ.

0.30 ಮಿ.ಮೀ. ತಂಗೂಸಿ ಗಡುಸು ದಾರ, ಹಾಗೆ ಬೇಗ ಗಂಟಾಗಲ್ಲ. ನೈಲಾನ್ ಸಾಂದ್ರತೆ 1.14, ಮೆಲ್ಲಗೆ ಮುಳುಗಿ ಗಾಳಿಯಿಂದ ತಪ್ಪಿಸಿಕೊಳ್ಳುತ್ತೆ. ಚಳಿಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳೋದು ನಿಜ. ಮೊದಲ ಎಸೆತಕ್ಕೆ ಮುಂಚೆ ಬೇಲಿಗೂಟಕ್ಕೆ ಕಟ್ಟಿ ಎಳೆದರೆ ನೆಟ್ಟಗಾಗುತ್ತೆ.

ದೂರ ಹೋಗೋದು ಬ್ರೇಡೇ. ಮೆಲ್ಲಗೆ ಕಚ್ಚಿದ್ದು ಬೆರಳಿಗೆ ತಿಳಿಯೋದೂ ಬ್ರೇಡಲ್ಲೇ. ಹಿಗ್ಗೋ ತಂಗೂಸಿಯಲ್ಲಿ ನನಗೆ ಎರಡು ಮೀನು ತಪ್ಪಿವೆ, ಒಪ್ಪಿಕೊಂಡೆ. ಆದರೆ ಬಿಸಿಲೇರಿ ದಡದ ಪಕ್ಕದ ಆಳವಿಲ್ಲದ ನೀರು ಬೆಚ್ಚಗಾಗಿ ಮೀನು ಕಚ್ಚೋ ಹತ್ತು, ಹನ್ನೊಂದು ಗಂಟೆಗೆ ದಾರ ನೀರಲ್ಲಿರಬೇಕು, ನನ್ನ ತೊಡೆ ಮೇಲಲ್ಲ.

ಎರಡು ರೀಲ್ ಇಟ್ಟುಕೊಳ್ಳೋ ಶಕ್ತಿ ಇದ್ದರೆ ಎರಡೂ ಇಟ್ಟುಕೊಳ್ಳಿ. ನನ್ನ ಹತ್ತಿರ ಇರೋದು ಒಂದೇ, ಅದರಲ್ಲೀಗ ತಂಗೂಸಿ ಇದೆ. ಉಳಿದ ಬ್ರೇಡನ್ನ ಭಾಮೈದ ಯುಗಾದಿಗೆ ಬಂದಾಗ ಅರ್ಧ ಬೆಲೆಗೆ ತಗೋತೀನಿ ಅಂದಿದ್ದಾನೆ.