ವಂಡೂರಿನ ಸಾಗರ ಉದ್ಯಾನ: ಬೇರೆಯವರ ಹೆಸರಿನ ಪರವಾನಗಿ ಹಿಡಿದು ಜೆಟ್ಟಿಗೆ ಹೋಗಬೇಡಿ

ಅಂಡಮಾನ್ ಪ್ರವಾಸ ಹೊರಡುವವರಿಗೆ ಜಾಲಿ ಬಾಯ್ ದ್ವೀಪವನ್ನು ತೋರಿಸುವುದಾಗಿ ಹೇಳದ ಏಜೆಂಟರು ಸಿಗುವುದು ಅಪರೂಪ. ಆದರೆ ಅದು ಟಿಕೆಟ್ ಕೊಂಡು ಬೇಕೆಂದಾಗ ಇಳಿಯಬಹುದಾದ ಕಡಲತೀರವಲ್ಲ. 1983ರಲ್ಲಿ ಸ್ಥಾಪನೆಯಾದ, ಸುಮಾರು 281 ಚದರ ಕಿಲೋಮೀಟರ್ ವಿಸ್ತೀರ್ಣದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ 15 ದ್ವೀಪಗಳಲ್ಲಿ ಅದೂ ಒಂದು. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಸೋಮವಾರ ಉದ್ಯಾನಕ್ಕೆ ರಜೆ. ಮಳೆಗಾಲದಲ್ಲಿ ಜಾಲಿ ಬಾಯ್ ಮುಚ್ಚಿ, ಅದರ ಬದಲು ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ.

ನಮ್ಮೂರಿನ ಏಜೆಂಟರೊಬ್ಬರು ಪರವಾನಗಿ, ದೋಣಿ, ವಾಹನ, ಸ್ನಾರ್ಕೆಲಿಂಗ್ (ಉಸಿರುಕೊಳವೆ ಹಿಡಿದು ನೀರಿನಡಿಯ ಹವಳವನ್ನು ನೋಡುತ್ತ ಈಜುವುದು) ಎಲ್ಲವನ್ನೂ ಒಟ್ಟಿಗೆ ಸೇರಿಸಿ ಪೂರ್ತಿ ಹಣವನ್ನು ಮುಂಗಡವಾಗಿ ಪಡೆದಿದ್ದರು. ಎಲ್ಲರ ಆಧಾರ್ ಪ್ರತಿಗಳನ್ನೂ ತೆಗೆದುಕೊಂಡಿದ್ದರು. ಈಗ ಶ್ರೀ ವಿಜಯ ಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರ್‌ನಿಂದ, ಉದ್ಯಾನದ ದೋಣಿಗಳು ಹೊರಡುವ ವಂಡೂರು ಜೆಟ್ಟಿ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ತಲುಪಿದ ಮೇಲೆಯೇ ಚಾಲಕ ನಮ್ಮ ಕೈಗೆ ಪರವಾನಗಿಯ ಕಾಗದವನ್ನು ಕೊಟ್ಟದ್ದು. ತಲೆ ಎಣಿಕೆ ಸರಿಯಾಗಿತ್ತು, ಆದರೆ ಹೆಸರುಗಳಲ್ಲಿ ಒಂದೂ ನಮ್ಮದಲ್ಲ. ಎಪ್ಪತ್ತು ದಾಟಿದ ನಮ್ಮ ತಾಯಿಯವರ ಪಾಲಿಗೆ ಬಂದ ಸಾಲಿನಲ್ಲಿ ‘ಪುರುಷ, 31’ ಎಂದಿತ್ತು! ಏಜೆಂಟರಿಗೆ ಫೋನ್ ಮಾಡಿದರೆ, “ಸರ್, ಅಲ್ಲಿ ಎಲ್ಲರೂ ಹೀಗೇ ಹೋಗೋದು, ಹೆಸರು ಕೂಗಿದಾಗ ತಲೆ ಆಡಿಸಿದರೆ ಸಾಕು” ಎಂದು ಸಲೀಸಾಗಿ ಹೇಳಿಬಿಟ್ಟರು.

ನಾವು ತಲೆ ಆಡಿಸಲಿಲ್ಲ. ಗುರುತಿನ ಚೀಟಿಯೊಂದಿಗೆ ಹೆಸರನ್ನು ತಾಳೆ ನೋಡುವ ಜಾಗದಲ್ಲಿ ಸಿಕ್ಕಿಬಿದ್ದರೆ, ಸುಳ್ಳು ಹೆಸರು ಹೇಳಿದವರೆಂದು ನಿಲ್ಲಬೇಕಾದವರು ನಾವೇ ಹೊರತು ಸಾವಿರ ಮೈಲಿ ದೂರದಲ್ಲಿ ಕುಳಿತ ಏಜೆಂಟರಲ್ಲ. ದೋಣಿಗಳು ಬೆಳಿಗ್ಗೆಯೇ ಹೊರಟುಬಿಡುವುದರಿಂದ ಅಂದಿನ ದಿನ ಅಲ್ಲಿಗೇ ಮುಗಿಯಿತು. ಮರುದಿನ ಸೋಮವಾರವಾದ್ದರಿಂದ ಉದ್ಯಾನ ಮುಚ್ಚಿತ್ತು. ಕೊನೆಗೆ ಇಲಾಖೆಯ ಕೌಂಟರಿನಲ್ಲಿ ನಮ್ಮದೇ ಹೆಸರಿನಲ್ಲಿ ಪರವಾನಗಿ ಪಡೆದು ಮಂಗಳವಾರ ಹೋದೆವು. ಅದಕ್ಕಾಗಿ ಸ್ವರಾಜ್ ದ್ವೀಪದ (ಹಿಂದಿನ ಹ್ಯಾವ್‌ಲಾಕ್) ವಸತಿಯನ್ನೂ ಹಡಗಿನ ಟಿಕೆಟನ್ನೂ ಕಳೆದುಕೊಳ್ಳಬೇಕಾಯಿತು. ಕೌಂಟರಿನಲ್ಲಿ ಕೆಲಸ ಮಾತ್ರ ಯಾವ ತೊಡಕೂ ಇಲ್ಲದೆ ಮುಗಿಯಿತೆಂಬುದನ್ನು ಹೇಳಲೇಬೇಕು.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಕಡಲ ಕಾಲುವೆಯಲ್ಲಿ ಸಾಗುವ ಪಯಣ ಸೊಗಸಾಗಿದೆ. ಆ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ನೀರಿಗೆ ಕೈ ಇಳಿಬಿಟ್ಟು ಕೂರಬಾರದು. ದ್ವೀಪದ ಬಳಿ ದೊಡ್ಡ ದೋಣಿಯಿಂದ ಗಾಜಿನ ತಳದ ಚಿಕ್ಕ ದೋಣಿಗೆ ಹತ್ತಿಸುತ್ತಾರೆ. ಹವಳವನ್ನು ತೋರಿಸುವ ಒಂದು ಚಿಕ್ಕ ಸುತ್ತು ದೋಣಿಯ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಉದ್ದದ ಸುತ್ತಿಗೆ ಬೇರೆ ಹಣ ಕೊಡಬೇಕು. ಏಜೆಂಟರು ಉಚಿತ ಕೊಡುಗೆ ಎಂದು ವರ್ಣಿಸಿದ್ದು ಈ ಚಿಕ್ಕ ಸುತ್ತನ್ನೇ.

ಸ್ನಾರ್ಕೆಲಿಂಗ್‌ಗೆ ಸಿಕ್ಕ ಮಾರ್ಗದರ್ಶಿಯದು ಇನ್ನೊಂದು ಕಥೆ. ಎದೆಮಟ್ಟದ ನೀರಿನಲ್ಲಿ ಆತ ಹವಳದ ಮೇಲೆಯೇ ಕಾಲೂರಿ ನಿಂತು, ನಮ್ಮನ್ನೂ ಅಲ್ಲೇ ನಿಂತು ದಣಿವಾರಿಸಿಕೊಳ್ಳಿ ಎಂದು ಕರೆಯುತ್ತಿದ್ದ. ಕಲ್ಲಿನಂತೆ ಕಂಡರೂ ಅದರ ಮೇಲ್ಮೈಯೆಲ್ಲ ಪಾಲಿಪ್ ಎಂಬ ಪುಟ್ಟ ಜೀವಿಗಳು, ಮತ್ತು ಬಂಡೆಯಾಕಾರದ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಸಮುದ್ರದ ನೀರು ಅತಿಯಾಗಿ ಕಾದದ್ದರಿಂದ 2010ರಲ್ಲಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಹೋಗಿದ್ದವು. ಬಿಸಿಗೆ ಬಳಲಿದ ಜೀವವನ್ನು ಕಾಲಿನಿಂದ ತುಳಿದರೆ ಉಳಿಯುವುದೆಂತು? ಆತ ಅಷ್ಟಕ್ಕೇ ನಿಲ್ಲಲಿಲ್ಲ. ತಳದಿಂದ ಒಂದು ಸಮುದ್ರ ಸೌತೆಯನ್ನು (ಸೌತೆಕಾಯಿಯಂತೆ ಕಾಣುವ ಕಡಲ ಪ್ರಾಣಿ) ಎತ್ತಿ, ಫೋಟೊ ತೆಗೆಸಿಕೊಳ್ಳಿ ಎಂದು ಪಕ್ಕದ ಗುಂಪಿನ ಹುಡುಗನೊಬ್ಬನ ಅಂಗೈಗೆ ಇಟ್ಟ. ಕ್ಷಣದಲ್ಲೇ ಆ ಜೀವಿ ಬಿಗಿದುಕೊಂಡು, ನೂಲಿನಂಥ ಅಂಟು ಎಳೆಗಳನ್ನು ಹೊರಹಾಕಿತು. ಹುಡುಗ ಬೆದರಿ ಕೈಕೊಡವಿದ, ಸುತ್ತಲಿದ್ದವರು ನಕ್ಕರು. ಅದು ಆ ಪ್ರಾಣಿಯ ಆತ್ಮರಕ್ಷಣೆಯ ವಿಧಾನ. ಹೆದರಿದಾಗ ಕೆಲವು ಜಾತಿಯವು ತಮ್ಮ ಒಳಾಂಗಗಳನ್ನೇ ಹೊರಚೆಲ್ಲುತ್ತವೆ. ಸಮುದ್ರ ಸೌತೆಯೂ ದಿಬ್ಬ ಕಟ್ಟುವ ಹವಳವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅಂಥ ಫೋಟೊದಲ್ಲಿ ಕಾಣುವ ಮುಖ ಪ್ರವಾಸಿಯದು, ಮಾರ್ಗದರ್ಶಿಯದಲ್ಲ.

ದಡದಲ್ಲಿ ಬಿದ್ದ ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಟ್ಟರೂ ಬೇಡವೆನ್ನಿ. ಸತ್ತ ಹವಳಕ್ಕೂ ಕಾಯ್ದೆ ಅನ್ವಯಿಸುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಹೊರಬೀಳುತ್ತದೆ.

ಹೊರಡುವ ಮೊದಲೇ ಪರವಾನಗಿಯ ಪ್ರತಿಯನ್ನು ತರಿಸಿಕೊಂಡು ಹೆಸರು, ವಯಸ್ಸು, ದಿನಾಂಕ, ದ್ವೀಪ ಇವಿಷ್ಟನ್ನೂ ಓದಿ ನೋಡಿ. ಇಲಾಖೆಯ ಶುಲ್ಕ ಮತ್ತು ದೋಣಿಯ ಬಾಡಿಗೆ ಬೇರೆ ಬೇರೆ. ಎರಡಕ್ಕೂ ಪ್ರತ್ಯೇಕ ರಸೀದಿ ಕೇಳಿ. ಕೊಡಲು ಹಿಂದೇಟು ಹಾಕುವವರಿಗೆ ಮುಂಗಡ ಕೊಡಬೇಡಿ. ಬಿಸಾಡುವ ಪ್ಲಾಸ್ಟಿಕ್ಕನ್ನು ಜೆಟ್ಟಿಯಲ್ಲೇ ತಡೆಯುವುದರಿಂದ ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ, ದ್ವೀಪದಲ್ಲಿ ಅಂಗಡಿಯಿಲ್ಲ. ನಮ್ಮ ಏಜೆಂಟರು ದೋಣಿಯ ಬಾಡಿಗೆಯನ್ನು ಮಾತ್ರ ಮರಳಿಸಿದರು. ಪರವಾನಗಿಯ ಹಣ ಇಲಾಖೆಗೆ ಸಂದಿದೆ ಎಂಬುದು ಅವರ ವಾದ, ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.