ಓಆರ್‌ಎಸ್ ಪುಡಿ: ಬಿಸಿಲ ಸುಸ್ತಿಗೆ ಸೈ, ಹೀಟ್ ಸ್ಟ್ರೋಕ್‌ಗೆ ಅಲ್ಲ

ಮಾರ್ಚ್ ಬಂತೆಂದರೆ ಶಿವಮೊಗ್ಗದ ಮೆಡಿಕಲ್ ಶಾಪುಗಳ ಗಲ್ಲಾದ ಪಕ್ಕ ಓಆರ್‌ಎಸ್ ಡಬ್ಬ ಬಂದು ಕೂರುತ್ತದೆ. ಅಲ್ಲೇ ಫ್ರಿಜ್ಜಿನಲ್ಲಿ ಕಿತ್ತಳೆ, ಸೇಬಿನ ಚಿತ್ರದ ಟೆಟ್ರಾ ಪ್ಯಾಕ್. "ಬಿಸಿಲಿಗೆ ತಲೆ ಸುತ್ತುತ್ತೆ, ಏನಾದ್ರೂ ಕೊಡಿ" ಎನ್ನುವವರ ಕೈ ಸಹಜವಾಗಿ ತಣ್ಣಗಿರುವುದರ ಕಡೆಗೇ ಹೋಗುತ್ತದೆ. ಇಲ್ಲಿ ತೂಗಿ ನೋಡುತ್ತಿರುವುದು ಡಬ್ಬದೊಳಗಿನದನ್ನು, ಅಂದರೆ ಒಂದು ಲೀಟರ್ ನೀರಿಗೆ ಕಲಸುವ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಸೂತ್ರದ ಉಪ್ಪು-ಸಕ್ಕರೆ ಪುಡಿಯನ್ನು. ಬ್ರಾಂಡ್ ಯಾವುದಾದರೂ ಅಂಗಡಿಯಲ್ಲಿ "ಎಲೆಕ್ಟ್ರಾಲ್ ಕೊಡಿ" ಎಂದೇ ಕೇಳುವುದು ರೂಢಿ.

ಕೊಳ್ಳುವಾಗ ಹೆಸರಿಗಿಂತ ಪ್ಯಾಕೆಟ್ಟಿನ ಬೆನ್ನಿನ ಅಂಕಿ ನೋಡಿ. ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಒಟ್ಟು 20.5 ಗ್ರಾಂ, ರುಚಿ ಸೇರಿಸಿದವು ತುಸು ಹೆಚ್ಚು ತೂಗುತ್ತವೆ. ಗ್ಲೂಕೋಸ್ ಇರುವುದು ಶಕ್ತಿಗೆಂದಲ್ಲ. ಸಣ್ಣ ಕರುಳಿನಲ್ಲಿ ಸೋಡಿಯಂ ಗ್ಲೂಕೋಸಿನ ಜೊತೆಗೂಡಿ ಒಳಗೆ ದಾಟುತ್ತದೆ, ಅವೆರಡರ ಬೆನ್ನಿಗೇ ನೀರೂ ಹೋಗುತ್ತದೆ. ಸಕ್ಕರೆ ಮಿತಿ ಮೀರಿದರೆ ಇದು ತಿರುವುಮುರುವಾಗಿ, ಮೈಯ ನೀರೇ ಕರುಳಿಗೆ ಇಳಿಯುತ್ತದೆ. ಸೂತ್ರವನ್ನು 2002ರಲ್ಲಿ ತೆಳುವಾಗಿಸಿ ಸಾಂದ್ರತೆಯನ್ನು (ಕರಗಿದ ಕಣಗಳ ಪ್ರಮಾಣ) ಲೀಟರಿಗೆ 311 ಮಿಲಿಆಸ್ಮೋಲ್‌ನಿಂದ 245ಕ್ಕೆ ಇಳಿಸಿದ್ದರ ಹಿಂದೆಯೂ ಇದೇ ಲೆಕ್ಕವಿದೆ.

ಟೆಟ್ರಾ ಪ್ಯಾಕಿನ ಹಣ್ಣಿನ ಪಾನೀಯಕ್ಕೆ 100 ಮಿಲಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುವುದು ಸಾಮಾನ್ಯ. ಸರಿಯಾಗಿ ಕಲಸಿದ ಓಆರ್‌ಎಸ್‌ನಲ್ಲಿ ಅದು 1.35 ಗ್ರಾಂ. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಕಟ್ಟಪ್ಪಣೆ ಮಾಡಿತು. ಬಾಯಾರಿಕೆಗೆ ಕುಡಿಯಿರಿ, ಅಡ್ಡಿಯಿಲ್ಲ. ಔಷಧ ಅಂತ ಕುಡಿಯಬೇಡಿ.

ಇನ್ನು ಪುಡಿಯ ದೊಡ್ಡ ಕುಂದು: ಕಲಸುವ ಕೆಲಸವನ್ನು ಪೂರ್ತಿ ನಮ್ಮ ಕೈಗೆ ಬಿಟ್ಟಿದೆ, ಸೂಚನೆಯ ಅಕ್ಷರವೋ ಸಾಸಿವೆ ಕಾಳಿನಷ್ಟು. ಮನೆಯ ಚೊಂಬು ಎಷ್ಟು ಹಿಡಿಯುತ್ತದೆಂದು ಯಾರೂ ಅಳೆದಿರುವುದಿಲ್ಲ. ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿಯೇ ಒಳ್ಳೆಯ ಅಳತೆ. ಕುದಿಸಿ ಆರಿಸಿದ ನೀರು ಒಂದು ಲೀಟರ್, ಅದಕ್ಕೆ ಪೂರ್ತಿ ಪ್ಯಾಕೆಟ್. ಒಂದು ಲೋಟಕ್ಕೆ ಅಂದಾಜಿನಲ್ಲಿ ಸ್ವಲ್ಪ ಸುರಿದು ಉಳಿದದ್ದನ್ನು ಮಡಚಿಡುವುದು ಎಲ್ಲ ಕಡೆ ಕಾಣುವ ತಪ್ಪು. ಪ್ಯಾಕೆಟ್ಟಿನೊಳಗೆ ಉಪ್ಪು, ಸಕ್ಕರೆ ಬೇರೆಬೇರೆಯಾಗಿ ಕೂತಿರುತ್ತವೆ, ಅರ್ಧ ಸುರಿದರೆ ಎರಡೂ ಸಮನಾಗಿ ಬರುವುದಿಲ್ಲ. ಲೋಟಕ್ಕೇ ಬೇಕಿದ್ದರೆ 200 ಮಿಲಿಗೆಂದೇ ಬರುವ ಚಿಕ್ಕ ಪ್ಯಾಕೆಟ್ ಕೊಳ್ಳಿ. ಮೇಲಿಂದ ಸಕ್ಕರೆ ಹಾಕಬೇಡಿ, ಕಲಸಿದ ಮೇಲೆ ಕುದಿಸಬೇಡಿ, 24 ಗಂಟೆ ಕಳೆದರೆ ಚೆಲ್ಲಿ. ಕಣ್ಣೀರಿನಷ್ಟು ಉಪ್ಪಿದ್ದರೆ ಸರಿ. ಅದಕ್ಕಿಂತ ಉಪ್ಪಾದರೆ ನೀರು ಕಡಿಮೆ ಬಿದ್ದಿದೆ.

ಈ ಪುಡಿ ಕೆಲಸಕ್ಕೆ ಬರುವ ಕಡೆ ಅದಕ್ಕೆ ಪೂರ್ತಿ ಅಂಕ. ಸೊಪ್ಪಿನ ಬೆಟ್ಟದಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸುವವರು, ತೋಟಕ್ಕೆ ಮಣ್ಣು ಹೊರುವವರು, ಜಾತ್ರೆಯ ಸಾಲಿನಲ್ಲಿ ಮಧ್ಯಾಹ್ನ ನಿಂತವರು. ಮಲೆನಾಡು ತಂಪು ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುವುದು. ಮೈ ತಂಪಾಗುವುದು ಬೆವರು ಸುರಿದಾಗ ಅಲ್ಲ, ಆರಿದಾಗ. ಗಾಳಿಯಾಡದ ಅಡಿಕೆ ತೋಟದಲ್ಲಿ, ಮುಂಗಾರಿಗೆ ಮುಂಚಿನ ಸೆಕೆಯಲ್ಲಿ ಅದು ಆರದೆ ಬರೀ ಇಳಿಯುತ್ತದೆ. ಉಪ್ಪು, ನೀರು ಎರಡೂ ನಷ್ಟ, ತಂಪು ಮಾತ್ರ ಇಲ್ಲ. ತಲೆಸುತ್ತು, ತಲೆನೋವು, ಓಕರಿಕೆ, ಮೀನಖಂಡ ಹಿಡಿದುಕೊಳ್ಳುವುದು, ಮೂತ್ರ ಗಾಢ ಹಳದಿಯಾಗುವುದು ಶಾಖದ ಬಳಲಿಕೆಯ ಗುರುತು. ನೆರಳಿಗೆ ತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಕಾಲು ತುಸು ಎತ್ತರಿಸಿ, 15-20 ನಿಮಿಷಕ್ಕೆ ಒಂದು ಲೋಟದಂತೆ ಓಆರ್‌ಎಸ್ ಗುಟುಕರಿಸಲು ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರುಮಾಡಿ. ಬರೀ ನೀರನ್ನೇ ಲೀಟರುಗಟ್ಟಲೆ ಗಟಗಟ ಕುಡಿಸಿದರೆ ರಕ್ತದ ಸೋಡಿಯಂ ಕುಸಿದು ಹೊಸ ತೊಂದರೆ. ಅರ್ಧ ಗಂಟೆಯಲ್ಲಿ ಗೆಲುವಾಗದಿದ್ದರೆ ಆಸ್ಪತ್ರೆಗೆ ಹೊರಡಿ.

ಮಾತು ತೊದಲಿದರೆ, ಹೆಸರು ಕೇಳಿದರೆ ಏನೇನೋ ಹೇಳಿದರೆ, ತೂರಾಡಿದರೆ, ಫಿಟ್ಸ್ ಬಂದರೆ ಪ್ಯಾಕೆಟ್ ಕೆಳಗಿಡಿ. ಇದು ಹೀಟ್ ಸ್ಟ್ರೋಕ್. ಮೈಯೊಳಗಿನ ಶಾಖ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕಂಕುಳಿನ ಥರ್ಮಾಮೀಟರ್ ಅದನ್ನು ಕಡಿಮೆಯೇ ತೋರಿಸುವುದರಿಂದ ಅದನ್ನು ನಂಬಿ ಕೂರಬೇಡಿ. "ಇನ್ನೂ ಬೆವರ್ತಾ ಇದಾನಲ್ಲ" ಎಂಬ ಸಮಾಧಾನವೂ ಸಲ್ಲದು, ದುಡಿಯುತ್ತಾ ಬಿದ್ದವರ ಮೈ ಒದ್ದೆಯಾಗಿಯೇ ಇರಬಹುದು. ಎಚ್ಚರ ಸರಿಯಿಲ್ಲದವರ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಅಷ್ಟರಲ್ಲೇ ನೀರು ಸುರಿಯಲಿ. ತೋಟದ ಪಂಪಿನ ಪೈಪು ಇಲ್ಲಿ ಯಾವ ಪ್ಯಾಕೆಟ್ಟಿಗಿಂತಲೂ ಮೇಲು: ಅಂಗಿ ತೆಗೆದು ತಲೆಯಿಂದ ಕಾಲಿನವರೆಗೆ ಬಿಡದೆ ನೀರು ಹಾಯಿಸಿ, ಅಡಿಕೆ ಹಾಳೆಯಿಂದ ಜೋರಾಗಿ ಗಾಳಿ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ. ಆಂಬ್ಯುಲೆನ್ಸ್ ಘಾಟಿ ಹತ್ತಿ ಬರುವಷ್ಟು ಹೊತ್ತು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟುವ ದಾರಿಯುದ್ದಕ್ಕೂ ಇದು ನಿಲ್ಲಬಾರದು. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರವಲ್ಲ, ಮಾತ್ರೆಗೆ ಇಳಿಯದು.

ಮನೆಯ ಪಾನೀಯಗಳ ಜೊತೆ ಹೋಲಿಸಿದರೆ? ಉಪ್ಪು ಹಾಕಿದ ನೀರು ಮಜ್ಜಿಗೆ, ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿ ದಿನನಿತ್ಯದ ಬೆವರಿಗೆ ಧಾರಾಳ ಸಾಕು. ಅಪ್ಪೆಹುಳಿಯ ಉಪ್ಪೇ ಅದರ ಗುಣ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಹಾಗಾಗಿ ಬೆವರಿನ ನಷ್ಟಕ್ಕೆ ಅದೊಂದೇ ಸಾಲದು. ಬಂದವರಿಗೆ ಕೊಡುವ ಬೆಲ್ಲ-ನೀರಿಗೆ ಚಿಟಿಕೆ ಉಪ್ಪು ಬಿದ್ದರೆ ವಾಸಿ. ಪ್ಯಾಕೆಟ್ ಸಿಗದಿದ್ದರೆ ಲೀಟರು ನೀರಿಗೆ ಟೀ ಚಮಚದಲ್ಲಿ ತಲೆಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪೊಟ್ಯಾಸಿಯಂ ಇರದು, ಉಳಿದಂತೆ ಕೆಲಸ ನಡೆಯುತ್ತದೆ.

ಕಿಡ್ನಿ ಅಥವಾ ಹೃದಯ ವೈಫಲ್ಯಕ್ಕೆ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಓಆರ್‌ಎಸ್ ಕುಡಿಯಬೇಕು. ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬೇಸಿಗೆಗೆ ಮೊದಲೇ ಒಮ್ಮೆ ವಿಚಾರಿಸಿಡುವುದು ಲೇಸು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪುಕ್ಕಟೆ ಸಿಗುತ್ತದೆ. ಆದರೆ ಹೋದ ವರ್ಷದ ಪ್ಯಾಕೆಟ್ ಅಡುಗೆಮನೆಯ ಗೂಡಿನಲ್ಲಿ ಮಳೆಗಾಲ ಕಳೆದಿದ್ದರೆ ತಾರೀಖಿನ ಜೊತೆಗೆ ಕಿವಿಯ ಬಳಿ ಅಲ್ಲಾಡಿಸಿಯೂ ನೋಡಿ. ರವೆಯಂತೆ ಸದ್ದಾದರೆ ಇಟ್ಟುಕೊಳ್ಳಿ. ಗಟ್ಟಿ ಹೆಂಟೆಯಾಗಿದ್ದರೆ ಅಂಚಿನಲ್ಲೆಲ್ಲೋ ತೇವ ಒಳಹೊಕ್ಕಿದೆ, ಎಸೆದು ಹೊಸದು ತನ್ನಿ.